ಕಬ್ಬನ್ ಎಂಬ ಸರ್‌ನೇಮ್‌ನ ಬೇರು ಹುಡುಕಿದ್ದು

1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಪಾರ್ಕ್‌ಗೆ ಅವರದೇ ಹೆಸರು. ಬ್ರಿಟಿಷರ ಸರ್‌ನೇಮ್‌ಗಳ ಬೇರು ಹುಡುಕುವುದು ನನ್ನ ಹವ್ಯಾಸ. ಹಾಗಾಗಿ ‘ಕಬ್ಬನ್’ ಎಲ್ಲಿಂದ ಬಂತು ಅಂತ ಹುಡುಕಲು ಕೂತೆ.

ಇಂಥ ಕೆಲಸಕ್ಕೆ ನಾನು ಮೊದಲು ನಿಘಂಟು ತೆಗೆಯುವುದಿಲ್ಲ. ಆ ಹೆಸರಿನವರು ಯಾವ ಕಡೆ ಜಾಸ್ತಿ ಇದ್ದರು ಅಂತ ನೋಡುತ್ತೇನೆ. 1881ರ ಬ್ರಿಟನ್ ಜನಗಣತಿ ಇದಕ್ಕೆ ದೊಡ್ಡ ಆಸರೆ. ಅದರಲ್ಲಿ ಜನರ ಹೆಸರಿನ ಜೊತೆ ಹುಟ್ಟಿದ ಊರೂ ಸಿಗುತ್ತದೆ. ಕಬ್ಬನ್‌ಗಳ ಜಾಡು ಐಲ್ ಆಫ್ ಮ್ಯಾನ್‌ಗೆ ಹೋಗಿ ಮುಟ್ಟಿತು. ಇಂಗ್ಲೆಂಡ್, ಐರ್ಲೆಂಡ್ ನಡುವಿನ ಪುಟ್ಟ ದ್ವೀಪ ಅದು. ಮಾರ್ಕ್ ಕಬ್ಬನ್ ಕೂಡ ಅಲ್ಲಿಯವರೇ.

ಆ ದ್ವೀಪದ ಹಳೇ ನುಡಿ ಮ್ಯಾಂಕ್ಸ್, ಐರಿಷ್‌ಗೆ ಹತ್ತಿರದ ನೆಂಟ. ಎರಡರಲ್ಲೂ ‘ಮ್ಯಾಕ್’ ಅಂದರೆ ಮಗ. ಅಲ್ಲಿನ 1511ರ ಜಮೀನು ಗೇಣಿ ಪಟ್ಟಿಯಲ್ಲಿ ಎಲ್ಲಿ ನೋಡಿದರೂ ಮ್ಯಾಕ್. ಮುಂದಿನ ನೂರು ವರ್ಷದಲ್ಲಿ ಅದು ಬಹುಪಾಲು ಉದುರಿತು. ಆದರೆ ಕೊನೆಯ ‘ಕ್’ ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡು ಉಳಿಯಿತು. ಮ್ಯಾಕ್ ಅಲಿಸ್ಟರ್ ಹೋಗಿ ಕ್ಯಾಲಿಸ್ಟರ್ ಆದದ್ದು ಹೀಗೆ. ಆ ದ್ವೀಪದ ಎಷ್ಟೋ ಮನೆತನಗಳ ಹೆಸರು ಕಕಾರದಿಂದಲೇ ಶುರುವಾಗುವುದಕ್ಕೂ ಇದೇ ಕಾರಣ.

ಈಗ ‘ಮ್ಯಾಕ್ ಗಿಬ್ಬನ್’ ಅಂತ ಬೇಗ ಬೇಗ ಹೇಳಿ ನೋಡಿ. ‘ಕ್’ ಎದುರು ‘ಗ್’ ನಿಲ್ಲುವುದೇ ಇಲ್ಲ! ನಮ್ಮಲ್ಲಿ ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ‘ಕ’ ಹೋಗಿ ‘ಗ’ ಬರುತ್ತದೆ ಅಲ್ವಾ? ಇಲ್ಲಿ ಅದು ಉಲ್ಟಾ. ನಡುವಿನ ಸ್ವರವೂ ಬದಲಾಗಿ ‘ಕಬ್ಬನ್’ ನಿಂತಿತು. ಇದು ಕಣ್ಣೆದುರು ಬಿಡಿಸಿಕೊಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಗಿಬ್ಬನ್ ಅಂದರೆ ಗಿಲ್ಬರ್ಟ್‌ನ ಮುದ್ದು ಹೆಸರು. ಗಿಲ್ಬರ್ಟ್ ಅನ್ನು ಇಂಗ್ಲೆಂಡಿನಲ್ಲಿ ಬಳಕೆಗೆ ತಂದವರು ಫ್ರಾನ್ಸ್ ಕಡೆಯಿಂದ ಬಂದು ಆ ನಾಡು ಗೆದ್ದ ನಾರ್ಮನ್ನರು. ಅದರ ಹಳೇ ಜರ್ಮನಿಕ್ ತುಂಡುಗಳ ಅರ್ಥ ‘ಒತ್ತೆ’ ಮತ್ತು ‘ಹೊಳಪು’. ಕ್ರಿಕೆಟ್ ನೋಡುವವರಿಗೆ ಪರಿಚಯವಿರುವ ಗಿಬ್ಸ್ ಕೂಡ ಇದೇ ಬಳಗ. ಗಿಲ್‌ಕ್ರಿಸ್ಟ್ ಮಾತ್ರ ಅಲ್ಲ. ಅದರಲ್ಲಿರುವ ‘ಗಿಲ್’ ಗೇಲಿಕ್ (ಐರಿಷ್, ಮ್ಯಾಂಕ್ಸ್ ಸೇರಿದ ನುಡಿ ಬಳಗ) ಮಾತು, ಸೇವಕ ಅಂತ ಅರ್ಥ. ಕಿವಿಗೆ ಒಂದೇ ಥರ ಕೇಳಿಸಿತು ಅಂತ ಸುಮ್ನೆ ಜೋಡಿಸಬಾರದು.

ಹಾಗಂತ ಕಬ್ಬನ್‌ಗಳೆಲ್ಲ ಒಂದೇ ಕುಟುಂಬ ಅಂದುಕೊಳ್ಳುವಂತಿಲ್ಲ. ಗಿಬ್ಬನ್ ಅಂತ ಎಷ್ಟೋ ಜನ ಇದ್ದಿರಬಹುದು. ವಂಶ ಬೇಕಾದರೆ ಚರ್ಚಿನ ದಾಖಲೆಗಳನ್ನೇ ನೋಡಬೇಕು. ಮಾರ್ಕ್ ಕಬ್ಬನ್ ಅವರ ಸೋದರಮಾವ ಮಾರ್ಕ್ ವಿಲ್ಕ್ಸ್ ಕೂಡ ಅದೇ ದ್ವೀಪದವರು, ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಅರಮನೆಗೆ ಬ್ರಿಟಿಷರ ಪ್ರತಿನಿಧಿ, ಆಗಿದ್ದವರು. ಅವರ ಹೆಸರಿನಲ್ಲಿ ಮ್ಯಾಕ್‌ನ ಸುಳಿವಿಲ್ಲ. ವಿಲಿಯಂನ ಮೊಟಕು ರೂಪ ವಿಲ್ಕ್, ಅದರ ಬಾಲಕ್ಕೆ ಇಂಗ್ಲಿಷಿನ ‘ಸ್’ ಸೇರಿ ವಿಲ್ಕ್ಸ್ ಆಗಿದೆ.