ವಿಡಿಯೋ ಗೇಮ್‌ಗಳ ಸಂಗೀತ ಸಂಯೋಜಕರಾಗಲು ಏನೇನು ಕಲಿಯಬೇಕು

ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಮಾಡುವವರಿಗೆ ಒಂದು ದೃಶ್ಯ ಎಷ್ಟು ಸೆಕೆಂಡುಗಳದ್ದು ಎಂಬುದು ಮೊದಲೇ ತಿಳಿದಿರುತ್ತದೆ. ಗೇಮ್‌ಗೆ ಸಂಗೀತ ಮಾಡುವವರಿಗೆ ಆ ಅನುಕೂಲವಿಲ್ಲ. ಒಬ್ಬ ಆಟಗಾರ 40 ಸೆಕೆಂಡಿನಲ್ಲಿ ದಾಟಿದ ಗುಹೆಯಲ್ಲಿ ಇನ್ನೊಬ್ಬ ದಾರಿ ತಪ್ಪಿ ಅರ್ಧ ಗಂಟೆ ಅಲೆಯಬಹುದು, ಆದರೂ ಅದೇ ಸಂಗೀತ ಇಬ್ಬರಿಗೂ ಹೊಂದಬೇಕು. ಯಕ್ಷಗಾನ ನೋಡಿ ಬೆಳೆದವರಿಗೆ ಈ ಕಷ್ಟ ತೀರಾ ಅಪರಿಚಿತವಲ್ಲ: ವೇಷಧಾರಿಯ ಕುಣಿತ ಮುಗಿಯುವ ತನಕ ಭಾಗವತರು ಪದದ ಸಾಲನ್ನು ಮತ್ತೆ ಮತ್ತೆ ಎತ್ತಿ ಹಾಡುತ್ತಾರೆ, ಅವನ ಹೆಜ್ಜೆ ನೋಡಿ ಮುಕ್ತಾಯ ಕೊಡುತ್ತಾರೆ. ಗೇಮಿನಲ್ಲಿ ಭಾಗವತರ ಜಾಗದಲ್ಲಿ ಕುಳಿತಿರುವುದು ಒಂದು ಸಾಫ್ಟ್‌ವೇರ್; ಯಾವ ಹೆಜ್ಜೆಗೆ ಏನು ಹಾಡಬೇಕೆಂದು ಅದಕ್ಕೆ ಮುಂಚಿತವಾಗಿ ಕಲಿಸಿಡುವುದೇ ಸಂಯೋಜಕರ ನಿಜವಾದ ಕೆಲಸ.

ಮೊದಲ ಅಭ್ಯಾಸಕ್ಕೆ ಹಣ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಗೇಮ್ ಆಡುತ್ತಾ, ಸಂಗೀತ ಯಾವ ಕ್ಷಣದಲ್ಲಿ ಮತ್ತು ಯಾವ ಕಾರಣಕ್ಕೆ ಬದಲಾಯಿತು ಎಂಬುದನ್ನು ಬರೆದುಕೊಳ್ಳಿ. 1978ರ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ಇದ್ದದ್ದು ಇಳಿಯುವ ನಾಲ್ಕೇ ಸ್ವರಗಳು, ಆದರೆ ಶತ್ರುಗಳು ಕಡಿಮೆಯಾದಂತೆ ಅವುಗಳ ವೇಗ ಏರುತ್ತಿತ್ತು. ಕೋಜಿ ಕೊಂಡೊ ಸಂಗೀತ ನೀಡಿದ 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಉಳಿದ ಸಮಯವನ್ನು ಎಣಿಸುವ ಗಡಿಯಾರ 100ಕ್ಕಿಂತ ಕೆಳಗಿಳಿದಾಗ ಅದೇ ರಾಗ ದುಡುದುಡು ಓಡತೊಡಗುತ್ತದೆ, ಮತ್ತು ಆಟಗಾರ ಗಡಿಯಾರವನ್ನು ನೋಡದೆಯೇ ಗಾಬರಿಯಾಗುತ್ತಾನೆ. ಆ ಗೇಮ್ ಓಡುತ್ತಿದ್ದ ನಿಂಟೆಂಡೊ ಯಂತ್ರದಲ್ಲಿ ಧ್ವನಿಗೆ ಒಟ್ಟು ಐದೇ ಚಾನೆಲ್‌ಗಳಿದ್ದವು, ಅಂದರೆ ಒಮ್ಮೆಗೆ ಐದೇ ಧ್ವನಿಗಳು ಕೇಳಬಹುದಿತ್ತು. ಇಂದು ನೂರಾರು ವಾದ್ಯಗಳ ಧ್ವನಿಮುದ್ರಿತ ಸ್ವರಗಳ ಸಂಗ್ರಹ (ಸ್ಯಾಂಪಲ್ ಲೈಬ್ರರಿ) ಇಟ್ಟುಕೊಂಡವರೂ ಒಮ್ಮೆ ಮೂರೇ ಧ್ವನಿಗಳಲ್ಲಿ ಒಂದು ಪೂರ್ತಿ ರಚನೆ ಮಾಡಿ ನೋಡಬೇಕೆಂಬುದು ನನ್ನ ಆಗ್ರಹ. ಯಾವ ಸ್ವರ ಕೆಲಸ ಮಾಡುತ್ತಿದೆ, ಯಾವುದು ಬರೀ ಜಾಗ ತುಂಬುತ್ತಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಮುಂದಿನ ಪಾಠ ಲೂಪ್, ಅಂದರೆ ಮುಗಿದೊಡನೆ ಮೊದಲಿನಿಂದ ಮತ್ತೆ ಶುರುವಾಗುವ ಸಂಗೀತದ ತುಣುಕು. ತಾಳದ ಆವರ್ತನದಲ್ಲಿ ಯೋಚಿಸಬಲ್ಲವರಿಗೆ ಇದು ಸುಲಭವಾಗಿ ಕೈಗೆ ಹತ್ತುತ್ತದೆ. ನಿಮಿಷಕ್ಕೆ 120 ಅಕ್ಷರಗಳ (ತಾಳದ ಎಣಿಕೆಗಳ) ವೇಗದಲ್ಲಿ ಆದಿತಾಳದ ಎಂಟು ಅಕ್ಷರಗಳಿಗೆ ಸರಿಯಾಗಿ 4 ಸೆಕೆಂಡು ಬೇಕು, ಹಾಗಾಗಿ 16 ಆವರ್ತನಗಳ ಲೂಪ್ 64 ಸೆಕೆಂಡುಗಳದ್ದಾಗುತ್ತದೆ; 48,000 ಹರ್ಟ್ಸ್ ಸ್ಯಾಂಪಲ್ ದರದಲ್ಲಿ, ಅಂದರೆ ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದಿಡುವಾಗ, ಒಂದು ಆವರ್ತನ 1,92,000 ಸ್ಯಾಂಪಲ್‌ಗಳಿಗೆ ಕರಾರುವಾಕ್ಕಾಗಿ ಮುಗಿಯುತ್ತದೆ. ವೇಗವನ್ನು 130 ಮಾಡಿದರೆ ಈ ಲೆಕ್ಕ ಭಿನ್ನರಾಶಿಗೆ ಹೋಗುತ್ತದೆ, ಕತ್ತರಿಸುವ ಜಾಗ ಹುಡುಕುವುದು ತಲೆನೋವಾಗುತ್ತದೆ. ಕೊನೆಯ ಸ್ವರದ ಅನುರಣನವನ್ನು ಕಡಿದುಹಾಕದೆ, ಅದನ್ನು ಲೂಪಿನ ಆರಂಭದ ಮೇಲೆ ಹೊದಿಸಿ ಕೂಡಿಸಬೇಕು, ಇಲ್ಲವಾದರೆ ಪ್ರತಿ ಸುತ್ತಿನ ಸಮದಲ್ಲಿ, ಅಂದರೆ ಆವರ್ತನದ ಮೊದಲ ಅಕ್ಷರದಲ್ಲಿ, ಸಂಗೀತ ಮುಗ್ಗರಿಸಿದಂತೆ ಕೇಳುತ್ತದೆ. ಎಂಪಿ3 ಮಾಡುವಾಗ ಕಡತದ ಅಂಚುಗಳಲ್ಲಿ ಒಂದಿಷ್ಟು ಮೌನ ಸೇರಿಕೊಳ್ಳುವುದರಿಂದ ಲೂಪ್‌ಗಳನ್ನು ಎಂದಿಗೂ ಆ ರೂಪದಲ್ಲಿ ಕೊಡಬೇಡಿ. ವೇವ್ ಅಥವಾ ಓಜಿಜಿ ಕೊಡಿ. ನಾನು ಆರಂಭದಲ್ಲಿ ಇದನ್ನು ತಿಳಿಯದೆ ಎರಡು ರಾತ್ರಿ ನನ್ನ ಸಂಯೋಜನೆಯಲ್ಲೇ ತಪ್ಪು ಹುಡುಕಿದ್ದೆ.

ಸತತ ಇಪ್ಪತ್ತು ಸುತ್ತು ಕೇಳಿದಾಗಲೂ ಬೇಸರ ಬಾರದಿರುವುದು ಇನ್ನೊಂದು ಪರೀಕ್ಷೆ. ಮೊದಲ ಸಲ ಮನಸೆಳೆಯುವ ಗಟ್ಟಿ ಮಧುರಸಾಲೇ ಹದಿನೈದನೆಯ ಸಲ ಕಿರಿಕಿರಿ ಮಾಡುತ್ತದೆ, ಆದ್ದರಿಂದ ಅದನ್ನು ಲೂಪಿನ ನಡುವೆ ಒಮ್ಮೆ ಮಾತ್ರ ತರುವುದು ಒಳ್ಳೆಯದು. ಮೌನವೂ ಒಂದು ಉಪಾಯವೇ: ಮೈನ್‌ಕ್ರಾಫ್ಟ್‌ನಲ್ಲಿ ಒಂದು ರಚನೆ ಮುಗಿದ ಮೇಲೆ ಮುಂದಿನದಕ್ಕೆ ನಿಮಿಷಗಟ್ಟಲೆ ಕಾಯಬೇಕು.

ಲೂಪ್ ಹಿಡಿತಕ್ಕೆ ಬಂದ ಮೇಲೆ ಪರಿಸ್ಥಿತಿಗೆ ತಕ್ಕಂತೆ ಬದಲಾಗುವ ಸಂಗೀತಕ್ಕೆ ಕೈಹಾಕಬಹುದು. ಇದಕ್ಕೆ ಎರಡು ದಾರಿಗಳಿವೆ. ಒಂದು, ಒಂದೇ ವೇಗ ಮತ್ತು ಒಂದೇ ಶ್ರುತಿಯ ಪದರಗಳನ್ನು ಒಟ್ಟಿಗೆ ಓಡಿಸಿ, ಶತ್ರು ಹತ್ತಿರ ಬಂದಾಗ ತಾಳವಾದ್ಯದ ಪದರವನ್ನೂ ಕಾಳಗ ಶುರುವಾದಾಗ ಹಿತ್ತಾಳೆ ವಾದ್ಯಗಳ ಪದರವನ್ನೂ ತೆರೆಯುವುದು. ಇನ್ನೊಂದು, ಬೇರೆ ಬೇರೆ ತುಣುಕುಗಳನ್ನು ಮಾಡಿಟ್ಟು ಮುಂದಿನ ಸಮ ಬಂದಾಗ ಒಂದರಿಂದ ಇನ್ನೊಂದಕ್ಕೆ ದಾಟಿಸುವುದು. ಲ್ಯೂಕಾಸ್‌ಆರ್ಟ್ಸ್ ಸಂಸ್ಥೆಯಲ್ಲಿ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮ್ಯಾಕ್‌ಕಾನೆಲ್ ಕಟ್ಟಿದ ಐಮ್ಯೂಸ್ ಎಂಬ ವ್ಯವಸ್ಥೆ 1991ರಲ್ಲೇ ಮಂಕಿ ಐಲೆಂಡ್ 2ರಲ್ಲಿ ಇಂಥ ದಾಟುವಿಕೆಯನ್ನು ಬಹಳ ನಯವಾಗಿ ಸಾಧಿಸಿತ್ತು. ಇಂದು ಈ ಕೆಲಸಕ್ಕೆ ಎಫ್‌ಮಾಡ್ (FMOD) ಮತ್ತು ವೈಸ್ (Wwise) ಎಂಬ ಎರಡು ಸಾಫ್ಟ್‌ವೇರ್‌ಗಳು ಹೆಚ್ಚು ಬಳಕೆಯಲ್ಲಿವೆ. ಕಲಿಯುವವರಿಗೆ ಇವೆರಡೂ ಉಚಿತವಾಗಿ ಸಿಗುತ್ತವೆ. ಒಂದನ್ನು ಚೆನ್ನಾಗಿ ಕಲಿತರೆ ಇನ್ನೊಂದು ಅರ್ಥವಾಗಲು ಹೆಚ್ಚು ದಿನ ಹಿಡಿಯುವುದಿಲ್ಲ.

ಮಾದರಿ ಕೆಲಸ ಕಳಿಸುವಾಗ ಹಾಡುಗಳ ಪಟ್ಟಿ ಕಳಿಸಿದರೆ ನಿಮ್ಮ ಸಂಗೀತಜ್ಞಾನ ತಿಳಿಯಬಹುದೇ ಹೊರತು ಗೇಮ್‌ಜ್ಞಾನ ತಿಳಿಯುವುದಿಲ್ಲ. ಗೇಮ್ ಕಟ್ಟುವ ಸಾಫ್ಟ್‌ವೇರ್‌ಗಳಾದ ಗೊಡೋ (Godot) ಅಥವಾ ಯೂನಿಟಿಯಲ್ಲಿ ಒಂದು ಕೋಣೆ, ಒಂದು ಬಾಗಿಲು, ಒಬ್ಬ ಶತ್ರು ಇರುವಷ್ಟು ಪುಟ್ಟ ದೃಶ್ಯ ಮಾಡಿ, ಅದರಲ್ಲಿ ನಿಮ್ಮ ಸಂಗೀತ ಬದಲಾಗುವುದನ್ನು ಎರಡು ನಿಮಿಷದ ವಿಡಿಯೋದಲ್ಲಿ ತೋರಿಸಿ. ಗೇಮ್ ಮಾಡುವ ಗೆಳೆಯರು ಇಲ್ಲದವರು ಗ್ಲೋಬಲ್ ಗೇಮ್ ಜಾಮ್, ಲೂಡಮ್ ಡೇರ್‌ನಂಥ ಕೂಟಗಳಲ್ಲಿ ಸೇರಬೇಕು. ಎರಡು ಮೂರು ದಿನಗಳಲ್ಲಿ ಅಪರಿಚಿತರ ಜೊತೆ ಒಂದು ಗೇಮ್ ಮುಗಿಸುವ ಈ ಕೂಟಗಳಲ್ಲಿ ಪ್ರೋಗ್ರಾಮರ್‌ಗಳಿಗೆ ಹೋಲಿಸಿದರೆ ಸಂಗೀತಗಾರರು ಸಾಮಾನ್ಯವಾಗಿ ಕಡಿಮೆ.

ಸಂಬಳದ ಹುದ್ದೆಯಲ್ಲಿ ಕೇವಲ ಸಂಗೀತ ಮಾಡುವ ಅವಕಾಶ ವಿರಳ. ಸಣ್ಣ ಸ್ಟುಡಿಯೋಗಳಲ್ಲಿ ಹೆಜ್ಜೆಯ ಸದ್ದು, ಕತ್ತಿಯ ಸದ್ದು, ಗುಂಡಿ ಒತ್ತಿದ ಸದ್ದು ಎಲ್ಲವೂ ಒಬ್ಬರ ತಲೆಗೇ ಬರುತ್ತವೆ. ಅದನ್ನು ಕೀಳು ಕೆಲಸವೆಂದು ತಿಳಿಯದೆ ಕಲಿತವರಿಗೆ ಬಾಗಿಲು ಬೇಗ ತೆರೆಯುತ್ತದೆ. ಬಿಡಿಯಾಗಿ ದುಡಿಯುವವರಿಗೆ ಸಂಭಾವನೆ ಸಾಮಾನ್ಯವಾಗಿ ಮುಗಿದ ಸಂಗೀತದ ನಿಮಿಷಕ್ಕೆ ಇಷ್ಟೆಂದು ನಿಗದಿಯಾಗುತ್ತದೆ. ಎಷ್ಟು ಬಾರಿ ತಿದ್ದಿಕೊಡಬೇಕು, ಯೋಜನೆ ಅರ್ಧಕ್ಕೆ ನಿಂತರೆ ಎಷ್ಟು ಹಣ ಎಂಬುದನ್ನು ಕೆಲಸ ಶುರುಮಾಡುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಹಕ್ಕಿನ ಮಾತು ಇನ್ನೂ ಸೂಕ್ಷ್ಮ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ಬಿಡಿ ಕೆಲಸದಲ್ಲಿ ಹಕ್ಕನ್ನು ಬರಹದ ಮೂಲಕ ವರ್ಗಾಯಿಸಿದಾಗ ಅವಧಿ ನಮೂದಿಸದಿದ್ದರೆ ಅದನ್ನು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆಯ 19ನೆಯ ಕಲಂ ಭಾವಿಸುತ್ತದೆ. ಇದನ್ನೇ ನಂಬಿ ಕೂರುವಂತಿಲ್ಲ, ಏಕೆಂದರೆ ಸ್ಟುಡಿಯೋಗಳ ಒಪ್ಪಂದದ ಕರಡುಗಳಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಪದಗಳು ಬಹುಮಟ್ಟಿಗೆ ಇದ್ದೇ ಇರುತ್ತವೆ. ಅಂಥ ಕರಡು ಬಂದರೆ ಗೇಮಿನೊಳಗಿನ ಬಳಕೆಯನ್ನು ಅವರಿಗೆ ಬಿಟ್ಟುಕೊಟ್ಟು, ಸಂಗೀತವನ್ನು ಪ್ರತ್ಯೇಕ ಆಲ್ಬಮ್ ಆಗಿ ಬಿಡುಗಡೆ ಮಾಡುವ ಹಕ್ಕನ್ನು ನಿಮ್ಮಲ್ಲಿ ಉಳಿಸಿಕೊಳ್ಳಲು ಕೇಳಿ, ಜೊತೆಗೆ ಗೇಮಿನ ಕೊನೆಯ ಹೆಸರುಪಟ್ಟಿಯಲ್ಲಿ ನಿಮ್ಮ ಹೆಸರು ಹೇಗೆ ಬರಬೇಕೆಂಬುದನ್ನು ಅಕ್ಷರಶಃ ಬರೆಸಿ.