ದೊಡ್ಡ ಗಡಿಯಾರದ ಲೆಕ್ಕದಲ್ಲಿ ಮಾರ್ಫಿನ್

ವಾಸಿಯಾಗದ ಕಾಯಿಲೆಯವರ ನೋವು, ಸಂಕಟಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ ಶುಶ್ರೂಷಕಿಯಾಗಿ ನಾನು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವವಳು. ಮನೆಯೇ ಇಲ್ಲದವರ ಕೊನೆಯ ದಿನಗಳನ್ನು ನೋಡಿಕೊಳ್ಳುವ ಬಗೆಯನ್ನು ನನಗೆ ಕಲಿಸಿದವರು ಮೈಸೂರಿನ ಪುರಭವನದ ಬಳಿ ಮಲಗುತ್ತಿದ್ದ ಒಬ್ಬ ತಾತ. ಮದುವೆಮನೆಗಳಲ್ಲಿ ಅಡುಗೆ ಮಾಡಿ ಬದುಕಿದ್ದ ಅವರಿಗೆ ಬಾಯಿಯ ಕ್ಯಾನ್ಸರ್ ಆಗಿ, ಹುಣ್ಣು ಕೆನ್ನೆಯನ್ನು ತೂತು ಮಾಡಿಕೊಂಡು ಹೊರಗೆ ಬಂದಿತ್ತು.

ನೋವಿನಷ್ಟೇ ತುರ್ತಾಗಿ ನೋಡಬೇಕಾಗಿದ್ದುದು ಗಾಯದ ನಾತವನ್ನು. ಮನೆಯಿಲ್ಲದವರ ರಾತ್ರಿ ತಂಗುದಾಣವೊಂದರಲ್ಲಿ ಅವರನ್ನು ಸೇರಿಸಿಕೊಳ್ಳದಿದ್ದುದು ಕಾಯಿಲೆಗೆ ಹೆದರಿ ಅಲ್ಲ, ಪಕ್ಕದಲ್ಲಿ ಮಲಗುವವರು ಆ ವಾಸನೆಯನ್ನು ತಾಳಲಾರದೆ ಗಲಾಟೆ ಮಾಡಿದ್ದರಿಂದ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಗಾಯವನ್ನು ತೊಳೆದು, ನಾತ ಹುಟ್ಟಿಸುವ ರೋಗಾಣುಗಳನ್ನು ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆಗಳನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ, ದಿನವೂ ಬಟ್ಟೆ ಬದಲಿಸುತ್ತ ಬಂದೆ. ವಾರ ತುಂಬುವಷ್ಟರಲ್ಲಿ ನಾತ ತಗ್ಗಿ, ಹೂ ಮಾರುವ ಹೆಂಗಸು ಅವರ ಪಕ್ಕದಲ್ಲಿಯೇ ಕುಳಿತು ಮಾತನಾಡತೊಡಗಿದಳು.

ತೀವ್ರ ನೋವನ್ನು ತಗ್ಗಿಸುವ, ಅಫೀಮಿನಿಂದ ಬರುವ ಔಷಧವಾದ ಮಾರ್ಫಿನ್ ವಿಷಯದಲ್ಲಿ ಮಾತ್ರ ನಾನು ಎಡವಿದೆ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಅದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ಆದರೆ ಬೀಗ ಹಾಕಲು ಬಾಗಿಲೇ ಇಲ್ಲದವರು ಅದನ್ನು ಎಲ್ಲಿಟ್ಟುಕೊಳ್ಳಬೇಕು? ಮನೆ ಇರುವ ರೋಗಿಗಳಿಗೆ ಕೊಡುವಂತೆಯೇ ಇವರಿಗೂ ಒಂದು ವಾರದ ಮಾತ್ರೆಗಳನ್ನು ಕೊಟ್ಟು ಬಂದಿದ್ದೆ. ಎರಡನೆಯ ರಾತ್ರಿ ಚೀಲವೇ ಕಳುವಾಗಿ, ಮರುದಿನ ನಾನು ಹೋದಾಗ ಅವರು ಮೊಣಕಾಲಿಗೆ ತಲೆ ಒತ್ತಿಕೊಂಡು ಕುಳಿತಿದ್ದರು. ಅಂದಿನಿಂದ ಎರಡೇ ದಿನಕ್ಕಾಗುವಷ್ಟನ್ನು, ಒಂದೊಂದು ಸಲದ್ದನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಅಂಗಿಯ ಒಳಜೇಬಿನಲ್ಲಿ ಇಡಿಸಿದೆ.

ಆ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರ ಅವರ ಕಣ್ಣೆದುರಿಗೇ ಇತ್ತು. ಅದರ ಅಂಕಿಗಳು ಕನ್ನಡದವಾದ್ದರಿಂದ ಪೊಟ್ಟಣಗಳ ಮೇಲೂ ೬, ೧೦, ೨ ಎಂದು ಹಾಗೆಯೇ ಬರೆದೆ. ನಡುರಾತ್ರಿ ಏಳಬೇಕಾಗದಂತೆ ರಾತ್ರಿ ಹತ್ತರ ಪೊಟ್ಟಣದಲ್ಲಿ ವೈದ್ಯರು ಹೇಳಿದಂತೆ ಎರಡರಷ್ಟು ಪ್ರಮಾಣವಿರುತ್ತಿತ್ತು. ಮಾರ್ಫಿನ್ ಹೊಟ್ಟೆ ಕಟ್ಟಿಸುವುದರಿಂದ ಜೊತೆಗೆ ಮಲಬದ್ಧತೆ ತಡೆಯುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಶೌಚಾಲಯಕ್ಕೆ ಹೋಗಲೂ ಕಾಸು ಎಣಿಸಬೇಕಾದವರು ಹೊಟ್ಟೆ ಕಟ್ಟಿದರೆ ಮೊದಲು ಊಟವನ್ನೇ ಬಿಟ್ಟುಬಿಡುತ್ತಾರೆ.

ಊರಿಗೆ ಸುದ್ದಿ ಮುಟ್ಟಿಸಬೇಕೇ ಎಂದು ಕೇಳಿದಾಗ, "ಬ್ಯಾಡ ಕಣವ್ವ, ಅವರ ಪಾಲಿಗೆ ನಾನು ಯಾವತ್ತೋ ಹೋದೋನು" ಎಂದರು. ನಾನು ಒತ್ತಾಯಿಸಲಿಲ್ಲ. ನಾಲ್ಕು ದಿನದ ಮೇಲೆ, ಬಟ್ಟೆ ಕಟ್ಟಿಸಿಕೊಳ್ಳುತ್ತಲೇ, ಮದ್ದೂರಿನ ಕಡೆಯ ಹಳ್ಳಿಯೊಂದರಲ್ಲಿದ್ದ ತಂಗಿಯ ಹೆಸರು ಹೇಳಿದರು. ಬೀದಿಯಲ್ಲಿ ಸತ್ತವರ ಗುರುತು ಸಿಗದಿದ್ದರೆ ಪೊಲೀಸರ ಮಹಜರಾಗಿ, ದೇಹ ವಾರಸುದಾರರಿಲ್ಲದೆ ಶವಾಗಾರದಲ್ಲಿ ಉಳಿಯುತ್ತದೆ. ಅದಕ್ಕಾಗಿ ಅವರ ಹೆಸರು, ಕಾಯಿಲೆ, ತಂಗಿಯ ಊರು, ನಮ್ಮ ದೂರವಾಣಿ ಸಂಖ್ಯೆ ಇವೆಲ್ಲವನ್ನೂ ಬರೆದು ವೈದ್ಯರ ಸಹಿ ಹಾಕಿಸಿದ ಪತ್ರವೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಅವರ ಬಳಿ ಇಟ್ಟು, ಠಾಣೆಗೂ ಮೊದಲೇ ತಿಳಿಸಿದೆ.

ವಾಸನೆ ಹೋಗಿದ್ದರಿಂದ ಇನ್ನೊಂದು ತಂಗುದಾಣ ಅವರನ್ನು ಸೇರಿಸಿಕೊಂಡಿತು. ನುಂಗಲಾಗದ ಕೊನೆಯ ಎರಡು ದಿನ ಚರ್ಮದಡಿಗೆ ಮಾರ್ಫಿನ್ ಚುಚ್ಚುಮದ್ದು ಕೊಟ್ಟೆವು. ಅವರು ತೀರಿಕೊಂಡ ಬೆಳಿಗ್ಗೆ ಬಂದ ತಂಗಿ ಮೊದಲು ಕೇಳಿದ್ದು, "ಏನಾದ್ರೂ ಉಣ್ತಿದ್ನಾ?" ಎಂದು. ಹಿಂದಿನ ವಾರದವರೆಗೂ ಗಂಜಿ ಕುಡಿಯುತ್ತಿದ್ದರೆಂದೂ, ದಿನವೂ ಉಪ್ಪು ಸಾಲದೆಂದು ಬೈಯುತ್ತಿದ್ದರೆಂದೂ ಹೇಳಿದೆ.