ಎಳೆದರೆ ಲೆಕ್ಕ ಹೇಳುವ ರಬ್ಬರ್

ಹಳೆಯ ಟಿವಿ ರಿಮೋಟ್ ಇದ್ದರೆ ಬಿಚ್ಚಿ ನೋಡಿ. ರಬ್ಬರ್ ಗುಂಡಿಗಳ ಹಿಂದೆ ಕರಿ ಬೊಟ್ಟುಗಳಿರುತ್ತವೆ. ಕರೆಂಟ್ ಹರಿಯುತ್ತದೆಯೇ ಎಂದು ತೋರಿಸುವ ಮಲ್ಟಿಮೀಟರಿನ ಎರಡೂ ಕಡ್ಡಿಗಳನ್ನು ಒಂದೇ ಬೊಟ್ಟಿಗೆ ತಾಗಿಸಿ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ ಅಂತ ಶಾಲೆಯಲ್ಲಿ ಓದಿದ್ದೆವು, ಅಲ್ವಾ? ಇಲ್ಲಿ ಹರಿಯುತ್ತದೆ. ಕಾರಣ, ಅದಕ್ಕೆ ಬೆರೆಸಿದ ಇಂಗಾಲದ ಪುಡಿ.

ಹೊಳೆ ದಾಟಲು ಕಲ್ಲು ಹಾಕಿರುತ್ತಾರಲ್ಲ, ಹಾಗೆ ಈ ಕಣಗಳು. ಒಂದು ಕಲ್ಲು ಕಡಿಮೆಯಾದರೂ ದಾಟಲಾಗದು. ರಬ್ಬರನ್ನು ಎಳೆದರೆ ಕಲ್ಲುಗಳ ನಡುವಿನ ಅಂತರ ಹೆಚ್ಚಿ ರೋಧ, ಅಂದರೆ ಕರೆಂಟಿಗೆ ಇರುವ ತಡೆ, ಏರುತ್ತದೆ. ಒತ್ತಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ಇಂಥ ರಬ್ಬರ್ ಪಟ್ಟಿಯನ್ನು ಮನೆಯಲ್ಲೇ ಮಾಡಲು ಸಿಂಕಿನ ಅಂಚಿಗೆ ಹಚ್ಚುವ ಸಿಲಿಕೋನ್ ಸೀಲೆಂಟ್ ಮತ್ತು ಬೀಗಕ್ಕೆ ಹಾಕುವ ಗ್ರಾಫೈಟ್ ಪುಡಿ ಸಾಕು. ಕಿಟಕಿ ತೆರೆದಿಡಿ, ಮಾಸ್ಕ್, ಗ್ಲೌಸ್ ಹಾಕಿ. ಆ ಪುಡಿ ಮೂಗಿಗೂ ಹೋಗುತ್ತದೆ, ಬಟ್ಟೆಗೂ ಅಂಟುತ್ತದೆ.

10 ಗ್ರಾಂ ಸೀಲೆಂಟಿಗೆ ಎಷ್ಟು ಪುಡಿ? ಇಡೀ ಕೆಲಸ ನಿಂತಿರುವುದೇ ಇದರ ಮೇಲೆ. ಪುಡಿಯಿಂದ ಪುಡಿಗೆ ಲೆಕ್ಕ ಬದಲಾಗುತ್ತದೆ. ಹಾಗಾಗಿ 5, 6, 7, 8 ಗ್ರಾಂ ಹಾಕಿ ನಾಲ್ಕು ಪಟ್ಟಿ ಮಾಡಿ. ಕಡಿಮೆಯಾದರೆ ಮೀಟರ್ ಸುಮ್ನೆ ಕೂರುತ್ತದೆ, ಜಾಸ್ತಿಯಾದರೆ ಪಟ್ಟಿ ಪುಡಿಪುಡಿಯಾಗುತ್ತದೆ. ನಡುವೆ ಎಲ್ಲೋ ಒಂದು ಕಡೆ ರೋಧ ದಿಢೀರನೆ ಬೀಳುತ್ತದೆ. ಬೇಕಾಗಿರುವುದು ಅದರಾಚೆಗಿನ ಪಟ್ಟಿ.

ಪ್ಲಾಸ್ಟಿಕ್ ಹಾಳೆಯ ಮೇಲೆ 2 ಮಿ.ಮೀ. ದಪ್ಪಕ್ಕೆ ಹರಡಿ, ಒಂದು ದಿನ ಬಿಡಿ. ಗಾಳಿಯ ತೇವ ಹೀರಿ ಅದು ಗಟ್ಟಿಯಾಗುತ್ತದೆ. ವಿನೆಗರ್ ವಾಸನೆ ಬರುವ ಸೀಲೆಂಟಾದರೆ ತಾಮ್ರದ ತಂತಿಯನ್ನು ಹಸಿಯಲ್ಲೇ ಹುದುಗಿಸಬೇಡಿ. ನಾನು ಹಾಗೇ ಮಾಡಿ ವಾರದೊಳಗೆ ತಂತಿ ಹಸಿರುಗಟ್ಟಿತು, ಸಂಪರ್ಕವೂ ಕಡಿಯಿತು. ಸ್ಟೀಲ್ ದಾರ ಹೊಲಿಯುವುದೇ ವಾಸಿ.

ಪಟ್ಟಿಯ ರೋಧಕ್ಕೆ ಹತ್ತಿರದ ರೋಧವಿರುವ ರೆಸಿಸ್ಟರ್ ಒಂದನ್ನು ಅದರೊಂದಿಗೆ ಸಾಲಾಗಿ ಜೋಡಿಸಿ. ಒಂದು ತುದಿ ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 5 ವೋಲ್ಟಿಗೆ, ಇನ್ನೊಂದು ಗ್ರೌಂಡಿಗೆ, ನಡುವಿನ ಗಂಟು ವೋಲ್ಟೇಜ್ ಅಳೆಯುವ ಎ0 ಪಿನ್ನಿಗೆ. ಎ0 ಓದುವ ಪ್ರೋಗ್ರಾಂ ಹಾಕಿದರೆ ಕಂಪ್ಯೂಟರ್ ಪರದೆಯಲ್ಲಿ 0ರಿಂದ 1023ರವರೆಗಿನ ಅಂಕಿ ಕುಣಿಯುತ್ತದೆ. ಹಳೆಯ ಗ್ಲೌಸಿನ ಬೆರಳಿನ ಗೆಣ್ಣಿಗೆ ಹೊಲಿದು ಮಡಚಿ ನೋಡಿ.

ಲ್ಯಾಬಿನವರ ದಾರಿಯೂ ಹೆಚ್ಚು ಬೇರೆಯಲ್ಲ. 2014ರಲ್ಲಿ ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯ ಮತ್ತು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ತಂಡ ಮಾಮೂಲಿ ರಬ್ಬರ್‌ಬ್ಯಾಂಡನ್ನು ದ್ರಾವಕದಲ್ಲಿ ಉಬ್ಬಿಸಿ, ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆಗಳು) ಹೀರಿಸಿ, ಅದರಿಂದ ಉಸಿರಾಟ, ನಾಡಿಬಡಿತ ಗುರುತಿಸಿತ್ತು.

ಬಳಸುವ ಮುಂಚೆ ಪಟ್ಟಿಯನ್ನು ಹತ್ತು ಸಲ ಎಳೆದು ಬಿಡಿ. ಹೊಸ ಪಟ್ಟಿಯ ಮೊದಲ ಅಂಕಿಗಳು ನಂಬಿಕೆಗೆ ಅರ್ಹವಲ್ಲ. ಬಿಟ್ಟ ಮೇಲೂ ಅಂಕಿ ಹಳೆಯ ಜಾಗಕ್ಕೆ ನಿಧಾನವಾಗಿ ಮರಳುತ್ತದೆ. ಹಾಗಾಗಿ ಬೆರಳು ಮಡಚಿದೆಯೋ ಇಲ್ಲವೋ ಎಂದು ತಿಳಿಯಲು ಇದು ಚೆನ್ನ, ಇದರಲ್ಲಿ ತಕ್ಕಡಿ ಮಾಡಲು ಮಾತ್ರ ಹೋಗಬೇಡಿ.